ಸತ್ತ ಕುದುರೆಯ ಮುಂದಿನ ಅಧ್ಯಾಯ

ಉತ್ತರ ಐರ್ಲೆಂಡಿನ ಬ್ಯಾಲಿಕಾರ್ನ್‌ನಲ್ಲಿ ಮಿಸ್ ಗಿಲಿಲ್ಯಾಂಡ್ ಹತ್ತಿರ ಬೈಬಲ್ ಕಲಿಯದವರು ಇರಲಿಲ್ಲ; ಬೈಸಿಕೊಳ್ಳದವರಂತೂ ಇಲ್ಲವೇ ಇಲ್ಲ. ನಲವತ್ತು ವರ್ಷದಿಂದ ಚರ್ಚಿನ ಭಾನುವಾರದ ಪಾಠ ಅವರದೇ. ಚಳಿಗಾಲ ಬಂತೆಂದರೆ ಪಾಠ ಮುಗಿಸಿ ಮಕ್ಕಳಿಗೆ ಒಂದು ಹಳೆಯ ಕಾದಂಬರಿ ಓದುತ್ತಿದ್ದರು, ವಾರಕ್ಕೊಂದು ಅಧ್ಯಾಯ. ಅದರಲ್ಲಿ ಮಾತಾಡುವ ಬಿಳಿ ಕುದುರೆಯೊಂದು ಕಳ್ಳ ಹುಡುಗನ ಬದಲಿಗೆ ಮಾಟಗಾತಿಯ ಕೈಯಲ್ಲಿ ಸಾಯುತ್ತದೆ, ಮೂರನೆಯ ಬೆಳಿಗ್ಗೆ ಎದ್ದು ಬರುತ್ತದೆ. ಆ ಕುದುರೆ ಯಾರೆಂದು ಅವರು ಎಂದೂ ಬಿಡಿಸಿ ಹೇಳಿದವರಲ್ಲ. ಮಕ್ಕಳೇನು ದಡ್ಡರೇ, ತಾವೇ ಕಂಡುಕೊಳ್ಳಲಿ ಎನ್ನುತ್ತಿದ್ದರು.

ಆ ವರ್ಷ ಕೆಲವು ತಾಯಂದಿರು ಮಾಟಗಾತಿ, ಮಾತಾಡುವ ಕುದುರೆ ಎಲ್ಲ ಸೈತಾನನ ಕೆಲಸವೆಂದು ಚರ್ಚಿನ ಹಿರಿಯರ ಹತ್ತಿರ ದೂರು ಒಯ್ದರು. ಅಲ್ಲಿ ವರ್ಷಕ್ಕೆರಡು ಸಲ, ಸತ್ತು ಮೂರನೆಯ ದಿನ ಎದ್ದು ಬಂದ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುವಿನ ಭೋಜನಕ್ಕೆ ಮುಂಚೆ, ಚರ್ಚಿನ ಹಿರಿಯ ಮನೆಮನೆಗೆ ಬಂದು ಚೀಟಿ ಕೊಡುತ್ತಾನೆ. ಭಾನುವಾರ ಅದನ್ನು ಬಾಗಿಲಲ್ಲಿ ತಟ್ಟೆಗೆ ಹಾಕಿಯೇ ಒಳಗೆ ಹೋಗಬೇಕು. ಹದಿನಾರನೆಯ ವಯಸ್ಸಿನಿಂದ ಮಿಸ್ ಒಂದು ಸಲವೂ ಆ ರೊಟ್ಟಿ, ದ್ರಾಕ್ಷಾರಸ ತಪ್ಪಿಸಿಕೊಂಡವರಲ್ಲ.

ಗುರುವಾರ ಹಿರಿಯ ಹ್ಯೂ ಮೆಕ್ಲರ್ಗ್ ಬಂದ. ಬೀಜದಂಗಡಿಯವನು, ಐವತ್ತರ ಹತ್ತಿರದವನು, ಅವರದೇ ಶಿಷ್ಯ. ಚಹಾ ಕುಡಿದ, ಬೆಣ್ಣೆ ಸವರಿದ ಸೋಡಾ ರೊಟ್ಟಿ ತಿಂದ, ಚೀಟಿಯನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡ.

"ಆ ಪುಸ್ತಕ ಓದೋದು ನಿಲ್ಲಿಸ್ತೀನಿ ಅನ್ನಿ ಮಿಸ್, ಇದನ್ನ ಇಲ್ಲೇ ಇಟ್ಟು ಹೋಗ್ತೀನಿ."

ಮಿಸ್‌ಗೆ ಸಿಟ್ಟು ನೆತ್ತಿಗೇರಿತು.

"ಹೋದ ವಾರ ಕುದುರೆ ಸತ್ತಲ್ಲಿಗೆ ನಿಲ್ಲಿಸಿದೀನಿ. ಮಕ್ಕಳ ಪಾಲಿಗೆ ಅದು ಸತ್ತೇ ಇರ್ಲಾ? ನೀನು ಒಂಬತ್ತು ವರ್ಷದವನಿದ್ದಾಗ ಭಾನುವಾರದ ತನಕ ತಡೀಲಾರದೆ ಬುಧವಾರನೇ ಮಳೇಲಿ ನೆನ್ಕೊಂಡು ಬಂದು ಇದೇ ಬಾಗಿಲು ಬಡಿದೆ. ನಿಜವಾಗ್ಲೂ ಸತ್ತೋಯ್ತಾ ಮಿಸ್ ಅಂತ ಅಳ್ತಿದ್ದೆ. ಅವತ್ತು ನಾನು ನಿನ್ನ ಹತ್ರ ಚೀಟಿ ಕೇಳಿದ್ನಾ?"

ಹ್ಯೂನ ಮುಖ ಕಿವಿಯ ತನಕ ಕೆಂಪಾಯಿತು. ಆದರೂ ಚೀಟಿಯನ್ನು ಜೇಬಿಗೆ ಸೇರಿಸಿಕೊಂಡು ಹೊರಟುಹೋದ. ಅವನು ಹೋದ ಮೇಲೆ ಮಿಸ್ ಅತ್ತರು. ಹಠವನ್ನಂತೂ ಬಿಡಲಿಲ್ಲ.

ಭಾನುವಾರ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವನು ಹ್ಯೂನೇ. ಪಾಠದ ಕೋಣೆಗೂ ಬೀಗ ಬಿದ್ದಿತ್ತು. ಮಿಸ್ ಊರವರೆಲ್ಲರ ಎದುರಿಗೆ ತಲೆಯೆತ್ತಿಕೊಂಡು ಒಳಗೆ ಕಾಲಿಡದೆ ಅವನನ್ನು ದಾಟಿ ಹೋಗಿ, ಚರ್ಚಿನ ಅಂಗಳದ ಸಮಾಧಿಗಳ ಪಕ್ಕದ ಕಲ್ಲುಗೋಡೆಯ ಮೇಲೆ ಕೂತು ಪುಸ್ತಕ ತೆರೆದರು. ಮಕ್ಕಳು ಒಬ್ಬೊಬ್ಬರಾಗಿ ಅಮ್ಮಂದಿರ ಕೈ ಕೊಸರಿಕೊಂಡು ಬಂದು ಹುಲ್ಲಿನ ಮೇಲೆ ಕೂತರು. ನಲವತ್ತು ವರ್ಷ ತುಂಟರನ್ನು ಆಳಿದ ಗಂಟಲು ಅದು. ಚರ್ಚಿನ ಬಾಗಿಲ ತನಕ ಸ್ಪಷ್ಟವಾಗಿ ಕೇಳುತ್ತಿತ್ತು.

ಒಳಗೆ ಕೀರ್ತನೆ ಶುರುವಾಯಿತು. ಹ್ಯೂ ಬಾಗಿಲು ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಕಥೆಯಲ್ಲಿ ಕುದುರೆ ಕಣ್ಣು ಬಿಡುವ ಹೊತ್ತಿಗೆ ಅವನು ತಟ್ಟೆ ಕೆಳಗಿಟ್ಟು, ಹುಲ್ಲು ದಾಟಿ ಬಂದು, ಚೀಟಿಯನ್ನು ಅವರ ಮುಂದೆ ಹಿಡಿದ.

ಮಿಸ್ ಪುಟದಿಂದ ಕಣ್ಣೆತ್ತಲಿಲ್ಲ.

"ಕೂತ್ಕೋ ಹ್ಯೂ," ಎಂದರು. "ಅಧ್ಯಾಯ ಮುಗೀಲಿ."