ಬಚ್ಚಲ ಬಾಗಿಲಿನ ಮೆಟ್ಟುಕತ್ತಿ

ಅವರ ಬಲಗೈ ಹೆಬ್ಬೆರಳು ಬಾಳೆಕಾಯಿಯ ಕರೆಯಿಂದ ಸದಾ ಕಪ್ಪಗಿರುತ್ತಿತ್ತು. ಪುತ್ತೂರಿನ ಒಂದು ನಿರಾಶ್ರಿತರ ಕೇಂದ್ರದಲ್ಲಿ ಅವರು ಅಡುಗೆಯವರು. ಹೆಸರಿಗೆ ಅಡುಗೆ, ನಿಜದಲ್ಲಿ ಕೇಂದ್ರ ನಡೆಯುತ್ತಿದ್ದುದೇ ಅವರ ಬಾಯಿಯ ಜೋರಿನಿಂದ. ನಾವೆಲ್ಲ ಅಡುಗೆ ಅಕ್ಕ ಎನ್ನುತ್ತಿದ್ದೆವು.

ನನಗಾಗ ಹತ್ತೊಂಬತ್ತು. ಎಲ್ಲರೂ ಗಂಡು ಎಂದೇ ಬೆಳೆಸಿದ್ದ ನಾನು, ನಾನು ಹೆಣ್ಣು ಎಂದು ಬಾಯಿಬಿಟ್ಟು ಹೇಳಿದ ದಿನವೇ ಅಪ್ಪ ಕಲ್ಲುಗುಂಡಿಯ ಮನೆಯಿಂದ ಹೊರಗೆ ಹಾಕಿದ್ದರು. ಕೇಂದ್ರದಲ್ಲಿ ಆಧಾರ್ ಕಾರ್ಡು ನೋಡಿ ನನ್ನನ್ನು ಗಂಡಸರ ಕೋಣೆಗೆ ಕಳಿಸಿದವರು ಅಡುಗೆ ಅಕ್ಕನೇ. "ಕಾರ್ಡಲ್ಲಿ ಇದ್ದ ಹಾಗೆ ಮಾಡುದು, ನಾನೆಂತ ಮಾಡ್ಲಿ?" ಎಂದರು. ನನಗೆ ಸಿಟ್ಟು ಬಂತು. ಈಗ ನೆನೆದರೂ ಸ್ವಲ್ಪ ಬರುತ್ತದೆ.

ಗಂಡಸರ ಬಚ್ಚಲಿಗೆ ಚಿಲಕ ಇರಲಿಲ್ಲ. ಹಿಂದೊಮ್ಮೆ ಮುದುಕರೊಬ್ಬರು ಒಳಗೆ ಬಿದ್ದಿದ್ದರಂತೆ, ಅಂದೇ ಕಿತ್ತುಹಾಕಿದ್ದರು. ಮೊದಲ ದಿನ ನಾನು ಸ್ನಾನಕ್ಕೆ ಹೋದಾಗ ಇಬ್ಬರು ಬಾಗಿಲು ನೂಕಿ, ನಿಂತು ನಕ್ಕರು. ಮತ್ತೆ ನಾನು ಆ ಕಡೆ ಹೋಗಲಿಲ್ಲ. ಹೆಂಗಸರ ಬಚ್ಚಲು ಕೇಳಿದೆ, ಅಲ್ಲಿನ ಹೆಂಗಸರೂ ಬೇಡ ಎಂದರು. ಇದಕ್ಕಿಂತ ಬಸ್ ಸ್ಟ್ಯಾಂಡೇ ವಾಸಿ ಎಂದು ಚೀಲ ಕಟ್ಟಿಟ್ಟೆ.

ಐದನೇ ದಿನ ಬಡಿಸುವಾಗ ಅಕ್ಕ ಮೂಗು ಮುಚ್ಚಿಕೊಂಡರು. "ಎಂತ ಮಾರಾಯ್ತಿ, ಸ್ನಾನ ಮಾಡುದಿಲ್ವಾ?"

ನನ್ನನ್ನು ಮಾರಾಯ್ತಿ ಎಂದವರಲ್ಲಿ ಅವರೇ ಮೊದಲಿಗರು. ಅಳುತ್ತಾ ಚಿಲಕದ ವಿಷಯ ಹೇಳಿದೆ. ಅವರು ಅನ್ನ ಬಡಿಸಿ ಮುಂದೆ ಹೋದರು.

ಮರುದಿನ ಬೆಳಿಗ್ಗೆ ಬಾಳೆಕಾಯಿಯ ಬುಟ್ಟಿ, ತರಕಾರಿ ಹೆಚ್ಚುವ ಮೆಟ್ಟುಕತ್ತಿ ಎರಡನ್ನೂ ಹೊತ್ತು ತಂದು, ಬಚ್ಚಲ ಬಾಗಿಲಿಗೆ ಬೆನ್ನು ಹಾಕಿ ಕೂತರು. "ಹೋಗು. ಎರಡು ಚೊಂಬು ಹೆಚ್ಚೇ ಹೊಯ್ಕೋ."

ಹೊರಗೆ ಯಾರೋ ಬಂದದ್ದು ಕೇಳಿಸಿತು. "ಅಲ್ಲೇ ನಿಲ್ಲು. ಕತ್ತಿ ಉಂಟು ಇಲ್ಲಿ," ಎಂದರು ಅಕ್ಕ.

ನಾನಿದ್ದ ಏಳು ತಿಂಗಳೂ ಕೇಂದ್ರದ ತರಕಾರಿ ಹೆಚ್ಚಿದ್ದು ಅಲ್ಲೇ. ಸಾಂಬಾರಿಗೆ ಸೋಪಿನ ವಾಸನೆ ಎಂದು ಗಂಡಸರು ಗೊಣಗಿದರು. ಚಿಲಕಕ್ಕೆಂದು ಅಕ್ಕ ಮೂರು ಸಲ ಅರ್ಜಿ ಕೊಟ್ಟರು. ಚಿಲಕ ಬರಲೇ ಇಲ್ಲ.

ಕಳೆದ ವರ್ಷ ಅವರು ತೀರಿಕೊಂಡರು. ಸುಳ್ಯದ ಹೊಲಿಗೆ ಅಂಗಡಿಯಲ್ಲಿದ್ದ ನಾನು ಕಡಬದ ಅವರ ಮನೆಗೆ ಹೋದೆ. ಹೆಂಗಸಿನ ಹೆಣಕ್ಕೆ ನೀರು ಹಾಕುವಾಗ ಹೆಂಗಸರೇ ಸುತ್ತ ಸೀರೆಯ ಮರೆ ಹಿಡಿಯುವುದು ಅಲ್ಲಿನ ಕ್ರಮ. ಗಂಡಸರು ಎದ್ದು ಅಂಗಳದಾಚೆ ಹೋದರು. ಏಕೆ ಸುಮ್ಮನೆ ಮಾತು ಕೇಳುವುದು ಎಂದು ನಾನೂ ಎದ್ದೆ.

ಅಕ್ಕನ ಮಗಳು ಕೂಗಿದರು. "ನೀವೆಲ್ಲಿಗೆ ಹೋಗುದು? ಅಮ್ಮ ನಿಮ್ಮ ವಿಷಯ ಹೇಳ್ತಿದ್ರು. ಬನ್ನಿ, ಈ ಮೂಲೆ ಹಿಡೀರಿ."

ಹಿಡಿದೆ. ನೀರು ಹಾಕಿ ಮುಗಿಯುವವರೆಗೂ, ಅಕ್ಕ ಕೂರುತ್ತಿದ್ದ ಹಾಗೆಯೇ, ಮರೆಯ ಒಳಬದಿಗೆ ಬೆನ್ನು ಹಾಕಿ ನಿಂತಿದ್ದೆ.