ತಾಯಿಯ ಊರು ಕೇಳುತ್ತಿದ್ದ ಮೌಲಾಕಾಕಾ

ಮೌಲಾಕಾಕಾ ಯಾರನ್ನೇ ಕಂಡರೂ ಮೊದಲು ಹೆಸರು ಕೇಳುತ್ತಿರಲಿಲ್ಲ. "ನಿಮ್ಮವ್ವ ಯಾವೂರಾಕಿ?" ಎಂದೇ ಮಾತು ಶುರು. ನಾನು ಅಸಂಗಿಯಿಂದ ಉಟಗಿಗೆ ಸೊಸೆಯಾಗಿ ಬಂದು ಜೀಪಿನಿಂದ ಇಳಿದಾಗ ಅವರು ಅಲ್ಲೇ ಒಂದು ಟಗರಿನ ಕೋಡು ಹಿಡಿದು ನಿಂತಿದ್ದರು. ಮೈಮೇಲಿನ ಅರಿಸಿನ ಇನ್ನೂ ಆರದ ಮದುಮಗಳು ಎಂದೂ ನೋಡದೆ ಅದನ್ನೇ ಕೇಳಿದರು. ನಮ್ಮವ್ವ ಬಿಳೂರಿನವಳು ಎಂದೆ. ಅವರ ಮುಖ ಅರಳಿತು. ನನ್ನ ಮಾವನ ಕಡೆ ತಿರುಗಿ, "ಚಲೋ ಆತು ಬಿಡ್ರಿ. ಸೋದರದಾಗ ತರಲಿಲ್ಲ, ಹೊರಗಿಂದ ತಂದ್ರಿ. ಮೊಮ್ಮಕ್ಕಳು ಗಟ್ಟಿಮುಟ್ಟ ಹುಟ್ಟತಾವ" ಅಂದರು. ಗಂಡನ ಮನೆಯ ಹೊಸ್ತಿಲು ದಾಟುವ ಮೊದಲೇ ಸಂತೆಯ ಕುರಿಯ ಹಾಗೆ ನನ್ನ ಪರೀಕ್ಷೆ ಆಗಿಹೋಗಿತ್ತು. ಅವತ್ತು ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂದಿತ್ತು.

ತಮಾಷೆಯೆಂದರೆ ಸ್ವತಃ ಕಾಕಾ ಮದುವೆಯಾದದ್ದು ಸೋದರಮಾವನ ಮಗಳನ್ನು. ಅದನ್ನು ನೆನಪಿಸಿದರೆ, "ಆಗ ನನ್ನ ಯಾರು ಕೇಳಿದ್ರು? ಕಟ್ಟಿದ್ರು, ನಿಂತೆ" ಅನ್ನುತ್ತಿದ್ದರು. ಒಳಗಿನಿಂದ ಕಾಕಿ ಏನನ್ನೋ ದಖ್ಖನಿಯಲ್ಲಿ ಕೂಗಿ ಹೇಳುತ್ತಿದ್ದಳು. ಅದರ ಅರ್ಥ ಕಾಕಾ ನನಗೆ ಎಂದೂ ಹೇಳಲಿಲ್ಲ.

ಅವರ ಉದ್ಯೋಗ ಬೀಜದ ಟಗರುಗಳ ವ್ಯಾಪಾರ. ನಮ್ಮ ಕಡೆ ಕುರಿ ಸಾಕುವವರಲ್ಲಿ ಒಂದು ಪದ್ಧತಿ ಇದೆ. ತನ್ನ ಕುರಿದಡ್ಡಿಯಲ್ಲಿ ಹುಟ್ಟಿದ ಟಗರನ್ನು ತನ್ನದೇ ಹಿಂಡಿಗೆ ಬಿಡಬಾರದು. ಹೊರಗಿನಿಂದ ತಂದದ್ದನ್ನೂ ಅದರ ಮರಿಗಳು ಬೆಳೆದು ಕುರಿಗಳಾಗುವ ಹೊತ್ತಿಗೆ ಬದಲಿಸಬೇಕು. ಇಲ್ಲದಿದ್ದರೆ ಮರಿಗಳು ಸಣ್ಣಗಾಗುತ್ತವೆ, ಎದ್ದು ನಿಲ್ಲುವುದು ತಡವಾಗುತ್ತದೆ, ಯಾವುದಾದರೂ ಬೇನೆ ಬಂದರೆ ಒಟ್ಟಿಗೇ ಹೋಗುತ್ತವೆ. ಎಲ್ಲರಿಗೂ ಇದು ಗೊತ್ತು. ಆದರೆ ಯಾವ ಟಗರು ಯಾವ ದಡ್ಡಿಯದು, ಅದರ ತಾಯಿ ಯಾರದು ಎಂದು ನೆನಪಿಡುವ ಕೆಲಸ ಕಾಕಾ ಅವರದು. ಆ ಊರಿನದನ್ನು ಈ ಊರಿಗೆ, ಈ ಊರಿನದನ್ನು ಮತ್ತೊಂದಕ್ಕೆ ದಾಟಿಸುತ್ತ ಎರಡು ರಾಜ್ಯಗಳ ಗಡಿಯ ಆಚೆ ಈಚೆ ಜೀಪಿನಲ್ಲಿ ಓಡಾಡಿಕೊಂಡಿದ್ದರು. ಜೀಪಿನಲ್ಲಿ ಟಗರಿಗೆ ಒಳಗೆ ಜಾಗ, ಕಾಕಾಗೆ ಹಿಂದಿನ ಪಟ್ಟಿಯ ಮೇಲೆ.

ನಮ್ಮೂರ ಗಾಯರಾಣದಲ್ಲಿ, ಅಂದರೆ ಊರ ದನಕುರಿ ಮೇಯುವ ಹುಲ್ಲುಗಾವಲಿನಲ್ಲಿ, ಚಿಗರಿಗಳ, ಅಂದರೆ ಕೃಷ್ಣಮೃಗಗಳ ಒಂದು ಹಿಂಡು ಇದೆ. ಮೊದಲು ಅವು ಹಳ್ಳದ ಗುಂಟ ಗಡಿಯ ಆಚೆಯ ಬಯಲಿಗೆ ಹೋಗುತ್ತಿದ್ದವು, ಅಲ್ಲಿನವು ಇಲ್ಲಿಗೆ ಬರುತ್ತಿದ್ದವು. ನೀರು ಬಂದಲ್ಲೆಲ್ಲ ದಾಳಿಂಬೆ ಬಂತು, ದಾಳಿಂಬೆ ಬಂದಲ್ಲೆಲ್ಲ ತಂತಿ ಬೇಲಿ ಬಂತು. ಚಿಗರಿ ಎಷ್ಟು ಎತ್ತರ ನೆಗೆದರೂ ಬೇಲಿಯ ಮುಂದೆ ನಿಂತಾಗ ಹಾರಲು ಮನಸ್ಸು ಮಾಡುವುದಿಲ್ಲ, ಕೆಳಗೆ ನುಸುಳಲು ನೋಡುತ್ತದೆ. ನಮ್ಮವರು ಕಾಡುಹಂದಿ ನುಗ್ಗದಿರಲೆಂದು ಕೆಳಗಿನ ತಂತಿಯನ್ನು ನೆಲಕ್ಕೆ ಹತ್ತಿಸಿ ಬಿಗಿದಿದ್ದರು.

ಪುಣೆಯಿಂದ ಅನುಜಾ ಎಂಬ ಹುಡುಗಿ ಬಂದಳು. ಕಾಡುಪ್ರಾಣಿಗಳ ರಕ್ತಸಂಬಂಧ ಹುಡುಕುವುದು ಅವಳ ಓದು. ಚಿಗರಿಗಳ ಹಿಕ್ಕೆ ಆಯ್ದು ಸಣ್ಣ ಸಣ್ಣ ನಳಿಗೆಗಳಲ್ಲಿ ತುಂಬಿಕೊಳ್ಳುತ್ತಿದ್ದಳು. ಊರಿನವರು ನಕ್ಕರು, ಕಾಕಾ ನಗಲಿಲ್ಲ. ಹಿಕ್ಕೆಯಲ್ಲಿ ಅಂಟಿಕೊಂಡ ಜೀವಕಣದಿಂದ ತಾಯಿ ಯಾವುದು, ತಂದೆ ಯಾವುದು, ಎರಡು ಹಿಂಡಿಗೆ ಎಷ್ಟು ನಂಟು ಎಂದೆಲ್ಲ ತಿಳಿಯುತ್ತದೆ ಎಂದು ಅವಳು ಮರಾಠಿಯಲ್ಲಿ ಬಿಡಿಸಿ ಹೇಳಿದಾಗ ನಮ್ಮ ಕಟ್ಟೆಯ ಮೇಲೆ ಕೂತಿದ್ದ ಕಾಕಾ ಎದ್ದೇ ನಿಂತರು.

"ಹಿಕ್ಕಿ ನೋಡಿ ಅವ್ವ ಯಾವೂರಾಕಿ ಅಂತ ಹೇಳ್ತಿ? ಇಷ್ಟ ದಿನಾ ಎಲ್ಲಿದ್ದಿ ತಂಗೀ ನೀನು!"

ಅವಳು ಹೇಳಿದ ಸುದ್ದಿ ಮಾತ್ರ ಚಲೋ ಇರಲಿಲ್ಲ. ನಮ್ಮ ಗಾಯರಾಣದ ಚಿಗರಿಗಳೆಲ್ಲ ಒಂದೇ ಮನೆತನದಂತಾಗಿವೆ, ಹೊರಗಿನ ಗಂಡು ಒಳಗೆ ಬಂದು ಬಹಳ ಕಾಲವಾಗಿದೆ, ಹೀಗೇ ಮುಂದುವರಿದರೆ ಹಿಂಡು ಸೊರಗಿ ಮುಗಿಯುತ್ತದೆ ಎಂದಳು. ಕಾಕಾಗೆ ಇದು ತಮ್ಮದೇ ದಡ್ಡಿಗೆ ಬೆಂಕಿ ಬಿದ್ದ ಹಾಗೆ ತಟ್ಟಿತು.

ಆಮೇಲೆ ಅವರು ಮಾಡಿದ್ದು ಟಗರಿನ ವ್ಯಾಪಾರಿ ಮಾತ್ರ ಮಾಡಬಹುದಾದ ತಪ್ಪು. ಗಡಿಯ ಆಚೆ ನಾಯಿಗಳ ಬಾಯಿಂದ ಕುರುಬರು ಬಿಡಿಸಿದ್ದ ಒಂದು ಗಂಡು ಚಿಗರಿ ಮರಿಯನ್ನು ಯಾರಿಗೂ ಹೇಳದೆ ಶಾಲಿನಲ್ಲಿ ಸುತ್ತಿಕೊಂಡು ಜೀಪಿನಲ್ಲಿ ತಂದರು. ತಮ್ಮ ಕುರಿಯ ಹಾಲು ಕುಡಿಸಿ ಬೆಳೆಸಿದರು. ಕೋಡು ಮೂಡಿ ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಗಾಯರಾಣದಲ್ಲಿ ಬಿಟ್ಟರು. ಅದು ಚಿಗರಿಗಳನ್ನು ನೋಡಿತು, ಅವು ಇದನ್ನು ನೋಡಿದವು. ಅಷ್ಟರಲ್ಲಿ ಹಿಂದೆ ಕಾಕಾ ಅವರ ಕುರಿಯೊಂದು ಬ್ಯಾ ಎಂದಿತು. ನಮ್ಮ ಹೊಸ ಅಳಿಯ ತಿರುಗಿ ಓಡಿಬಂದು ಕುರಿಗಳ ನಡುವೆ ತಲೆ ತೂರಿಸಿ ನಿಂತುಬಿಟ್ಟ. ಎಷ್ಟು ಸಲ ಬಿಟ್ಟರೂ ಸಂಜೆ ಕುರಿಗಳ ಸಾಲಿನಲ್ಲೇ ಮನೆಗೆ ಬಂದು ಕಾಕಿಯ ಕೈಯಿಂದ ರೊಟ್ಟಿ ತಿನ್ನುತ್ತಿದ್ದ.

ಅನುಜಾ ಮತ್ತೆ ಬಂದವಳು ಇದನ್ನು ನೋಡಿ ಕೆಂಡವಾದಳು. "ಕಾಕಾ, ಇದು ಕಾಯ್ದೆಗೂ ತಪ್ಪು, ಚಿಗರಿಗೂ ತಪ್ಪು. ಇದರ ಕಾಡನ್ನೇ ನೀವು ಕಸಿದುಕೊಂಡಿರಿ. ಮುಚ್ಚಿದ ದಾರಿ ತೆರೆಯಿರಿ, ಬರುವುದು ತಾನಾಗಿ ಬರುತ್ತದೆ" ಎಂದಳು. ಅರಣ್ಯ ಇಲಾಖೆಯವರು ಕಾಕಾಗೆ ತಾಕೀತು ಮಾಡಿ, ಚಿಗರಿಯನ್ನು ಕಾಡುಪ್ರಾಣಿ ಸಾಕುವ ಕೇಂದ್ರಕ್ಕೆ ಒಯ್ದರು. ಗಾಡಿ ಕಣ್ಣಿಗೆ ಮರೆಯಾಗುವವರೆಗೂ ಕಾಕಾ ರಸ್ತೆಯಲ್ಲೇ ನಿಂತಿದ್ದರು. ಆಮೇಲೆ ನನಗೆ, "ಟಗರ ಮಾರಿ ಮಾರಿ ನನ್ನ ಕಣ್ಣಿಗೆ ಎಲ್ಲಾ ಟಗರ ಕಂಡ್ವು, ಮಗಳ. ಆ ಹುಡುಗಿ ಹೇಳಿದ್ದ ಖರೆ. ಒಯ್ದು ಬಿಡೂದಲ್ಲ, ದಾರಿ ಬಿಡೂದು" ಅಂದರು.

ಅವತ್ತಿನಿಂದ ಅವರ ಅಂಗಿಯ ಕಿಸೆಯಲ್ಲಿ ಒಂದು ಪಕ್ಕಡ ಬಂದು ಕೂತಿತು. ಬೇಲಿಯ ತಂತಿ ಬಿಚ್ಚುವ ಪಕ್ಕಡ. ಅನುಜಾ ಮತ್ತು ಅವರು ಕೂಡಿ ಉಪಾಯ ತೆಗೆದಿದ್ದರು: ತೋಟಗಳ ಬೇಲಿ ಇದ್ದ ಹಾಗೇ ಇರಲಿ, ಬೇಲಿ ಹಳ್ಳವನ್ನು ದಾಟುವಲ್ಲಿ ಮಾತ್ರ ಕೆಳಗಿನ ತಂತಿ ಬಿಚ್ಚಿದರೆ ಸಾಕು, ಚಿಗರಿಗಳು ಹಳ್ಳದೊಳಗೇ ಗಡಿಯವರೆಗೆ ಹೋಗಿಬರುತ್ತವೆ. ಕಾಕಾ ಮನೆಮನೆ ಹತ್ತಿ ಇಳಿದರು. ಬೈಸಿಕೊಂಡರು, ಚಹಾ ಕುಡಿದರು, ಮರುದಿನ ಮತ್ತೆ ಹೋದರು. ಬೇಡ ಅಂದವನ ಮನೆಗೆ ಹೆಚ್ಚು ಹೋದರು. ಒಬ್ಬೊಬ್ಬರೇ ಒಪ್ಪಿದರು. ಉಳಿದವನು ನನ್ನ ಮೈದುನ ಮಾಯಪ್ಪ ಒಬ್ಬನೇ. ಅವನ ಬೇಲಿ ಹಳ್ಳದ ಬಾಯಿಗೇ ಇತ್ತು. ಅದು ಬಿಚ್ಚದೆ ಮಿಕ್ಕವರು ಬಿಚ್ಚಿದ್ದೆಲ್ಲ ವ್ಯರ್ಥ.

"ನನ್ನ ದಾಳಿಂಬ್ರಿ ಚಿಗರಿ ತಿಂದ್ರ ಯಾರು ತುಂಬಿ ಕೊಡ್ತೀರಿ, ಕಾಕಾ?"

"ತೋಟದ ಬೇಲಿ ಯಾರು ಬಿಚ್ಚಂದ್ರು? ಹಳ್ಳದಾಂದಷ್ಟ ಬಿಚ್ಚು."

"ಬಿಚ್ಚಂಗಿಲ್ಲ."

ಕಾಕಾ ಚಹಾದ ಬಶಿ ಕೆಳಗಿಟ್ಟರು. "ಹಂಗಾದ್ರ ನಿನ್ನ ಕುರಿ ಹಿಂಡಿಗೆ ನಾನೂ ಟಗರ ಕೊಡಂಗಿಲ್ಲ. ಬೇಲಿ ಹಾಕೀದಿ ಅಲ್ಲ, ನೀನೂ ಒಳಗಿಂದ ಒಳಗ ನಡಸು. ಅಪ್ಪಗ ಮಗಳ್ನ ಕಟ್ಟು. ಎಷ್ಟ ವರ್ಷ ನಡಿತದ ನಾನೂ ನೋಡ್ತೀನಿ."

ಮಾಯಪ್ಪನಿಗೂ ಹಟ ಬಂತು. ದೂರದ ಸಂತೆಗೆ ಹೋಗಿ ಎತ್ತರದ, ಭರ್ತಿ ಮೈಯ ಒಂದು ಟಗರು ತಂದು, ಬೇಕೆಂದೇ ಕಾಕಾ ಮನೆಯ ಮುಂದೆ ನಡೆಸಿಕೊಂಡು ಬಂದ. ಕಾಕಾ ಅದರ ಕಿವಿ ಮಡಚಿ ನೋಡಿದರು, ಹಲ್ಲು ನೋಡಿದರು, ಆಮೇಲೆ ನಗತೊಡಗಿದರು. "ಮಾಯಪ್ಪಾ, ಇದು ನಿನ್ನ ದಡ್ಡ್ಯಾಗ ಹುಟ್ಟಿದ್ದೋ! ಮರಿ ಇದ್ದಾಗ ನಾನ ಒಯ್ದು ಮಾರಿದ್ದೆ. ಮನಿ ಮಗನ್ನ ರೊಕ್ಕಾ ಕೊಟ್ಟು ತಂದೀದಿ." ಊರೆಲ್ಲ ನಕ್ಕಿತು. ಮಾಯಪ್ಪ ಟಗರನ್ನು ಮರಳಿ ಸಂತೆಗೆ ಹೊಡೆದ. ತಂತಿ ಮಾತ್ರ ಬಿಚ್ಚಲಿಲ್ಲ.

ಆ ಚಳಿಗಾಲ ಕಾಕಾಗೆ ದಮ್ಮು ಹೆಚ್ಚಾಯಿತು. ನೋಡಲು ಹೋದಾಗ ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಅಂಗಳದ ಬೇವಿನ ಗಿಡಕ್ಕೆ ಒಂದು ಟಗರು ಕಟ್ಟಿತ್ತು. ಅಂಥ ಟಗರನ್ನು ನಾನು ನೋಡಿರಲಿಲ್ಲ.

"ಇದು ಯಾರಿಗ್ರಿ, ಕಾಕಾ?"

"ಮಾಯಪ್ಪಗ. ಗಡಿ ಆಚಿಂದು, ಇದರ ಅವ್ವನ ಕಡೀದು ನಮ್ಮೂರಾಗ ಒಂದೂ ಇಲ್ಲ. ಹುಡುಕಿ ತಂದೀನಿ." ಉಸಿರು ಎಳೆದುಕೊಂಡರು. "ತಂತಿ ಬಿಚ್ಚಿದ ದಿನಾ ಒಯ್ಯಲಿ. ಮೊದಲ ಅಲ್ಲ."

"ಬಿಚ್ಚದಿದ್ರ?"

"ಬಿಚ್ಚತಾನ. ಕುರಿ ಸಾಕವ ಅದಾನ. ಇದು ಮುದುಕ ಆಗೂದ್ರೊಳಗ ಬಿಚ್ಚತಾನ."

ಅದೇ ಕೊನೆಯ ಮಾತು. ಕೆಲವೇ ದಿನಗಳಲ್ಲಿ ಕಾಕಾ ಹೋದರು. ಮಾಯಪ್ಪನೂ ಹೆಗಲು ಕೊಟ್ಟ, ಮಣ್ಣು ಹಾಕಿದ. ಕಾಕಿಯ ಮನೆಯಿಂದ ಮರಳುವಾಗ ದಾರಿಯಲ್ಲಿ ಅವನಿಗೆ ಟಗರಿನ ವಿಷಯ ಹೇಳಿದೆ. ಅವನು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಮರುದಿನ ಕಾಕಿಯ ಹತ್ತಿರ ಹೋಗಿ ಪಕ್ಕಡ ಕೇಳಿದ. ಅವಳು ಪಕ್ಕಡ ಕೊಟ್ಟಳು, ಟಗರು ಕೊಡಲಿಲ್ಲ. ಸಂಜೆ ನನ್ನನ್ನು ಕರೆಸಿ, "ತಂತಿ ಬಿಚ್ಚಿದ್ದು ನಿನ್ನ ಕಣ್ಣಿಂದ ನೋಡಿದೇನು?" ಎಂದು ಕೇಳಿ, ಹೌದು ಅಂದ ಮೇಲೆಯೇ ಹಗ್ಗ ಬಿಚ್ಚಿದಳು. ಕಾಕಾ ಇಲ್ಲ ಎಂದು ನನಗೆ ಅಳು ಬಂದದ್ದು ಆಗ.

ಈ ಮಳೆಗಾಲದ ಒಂದು ಬೆಳಿಗ್ಗೆ ನಾನೂ ಮಾಯಪ್ಪನೂ ಹಳ್ಳದ ದಂಡೆಯಲ್ಲಿದ್ದೆವು. ಅವನ ಬೇಲಿಯ ಕೆಳಗೆ ಮಂಡಿಯೂರಿ ನುಸುಳಿ ಒಂದು ಕರಿ ಗಂಡು ಚಿಗರಿ ಈಚೆ ಬಂತು. ಒಂದು ಕೋಡಿನ ತುದಿ ಮುರಿದಿತ್ತು. ನಮ್ಮ ಗಾಯರಾಣದಲ್ಲಿ ಅಂಥದು ಇರಲಿಲ್ಲ. ದಿನಾ ಅಲ್ಲೇ ಕುರಿ ಕಾಯುವ ಮಾಯಪ್ಪ ಆಣೆ ಮಾಡಿ ಹೇಳುತ್ತಾನೆ. ಅನುಜಾ ಅದರ ಹಿಕ್ಕೆ ಒಯ್ದಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ.

ಅವತ್ತು ಅದು ಮೈ ಕೊಡವಿ, ಸುತ್ತ ಒಮ್ಮೆ ನೋಡಿ, ಗಾಯರಾಣದ ಕಡೆ ನಡೆಯಿತು. ಮಾಯಪ್ಪ ಅದನ್ನೇ ನೋಡುತ್ತ ಮೆಲ್ಲಗೆ ಕೇಳಿದ:

"ವೈನಿ, ಇದರ ಅವ್ವ ಯಾವೂರಾಕಿ ಇರಬೇಕ್ರಿ?"