ಹುಳ ಎಣಿಸುವ ದುಗ್ಗಮ್ಮನ ಎಂಟನೇ ದಿನ

ಬೆಳಗಿನ ಆರು ಗಂಟೆ. ಅಂಚಿನ ಹುಲ್ಲಿನ ಇಬ್ಬನಿ ಇನ್ನೂ ಆರಿಲ್ಲ. ದುಗ್ಗಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಭತ್ತದ ಗದ್ದೆಗೆ ಇಳಿದಿದ್ದಾರೆ. ಎಡಗೈಯಲ್ಲಿ ಹರಳೆಣ್ಣೆ ಸವರಿದ ಅಡಿಕೆ ಹಾಳೆ. ಅದನ್ನು ಪೈರಿನ ಬುಡಕ್ಕೆ ಒತ್ತಿ ಹಿಡಿದು ಬಲಗೈಯಿಂದ ಮೂರು ಪೆಟ್ಟು ಕೊಡುತ್ತಾರೆ. ಪಟಪಟ ಉದುರಿದ್ದೆಲ್ಲ ಎಣ್ಣೆಗೆ ಅಂಟಿಕೊಳ್ಳುತ್ತದೆ.

"ಜಿಗಿಹುಳ ಆರು. ಜೇಡ ಎಲ್ಡು. ಗುಲಗಂಜಿ ಹುಳ ಒಂದು. ಬರ್ಕಳಿ ಸ್ವಾಮಿ, ಸುಮ್ನೆ ನಿಂತ್ರೆ ಉಂಬಳ ಹತ್ತುತ್ತೆ!"

ಪತ್ರಿಕೆಗೆ ಬರೆಯಲೆಂದು ಸಾಗರದಿಂದ ಮೊದಲ ಬಸ್ಸು ಹಿಡಿದು ಹೊಸನಗರದ ಕಡೆಯ ಈ ಬಯಲಿಗೆ ಬಂದ ನನಗೆ ಸಿಕ್ಕ ಮರ್ಯಾದೆ ಇದು. ಜಿಗಣೆ ಕಾಲಿಗೆ ಹತ್ತಿತೋ ಎಂದು ನೋಡಿಕೊಳ್ಳುತ್ತಲೇ ಬರೆದುಕೊಂಡೆ. ಅಷ್ಟರಲ್ಲಿ ಅವರು ಜೇಡಗಳನ್ನು ಹುಲ್ಲುಕಡ್ಡಿಯಿಂದ ಬಿಡಿಸಿ ಪೈರಿಗೆ ಹತ್ತಿಸಿ, ಹತ್ತು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಬುಡದ ಎದುರು ಬಗ್ಗಿದ್ದಾರೆ.

ದುಗ್ಗಮ್ಮನಿಗೆ ಈಗ ಐವತ್ತರ ಆಸುಪಾಸು. ಕೃಷಿ ಕಚೇರಿಯ ಲೆಕ್ಕದಲ್ಲಿ ದಿನಗೂಲಿ. ಕೆಲಸ ಇಷ್ಟೇ: ಮಳೆಗಾಲದ ನಡುವಿನಿಂದ ಕುಯ್ಲಿನ ತನಕ ದಿನಾ ಬೆಳಗ್ಗೆ ಮೂರು ಬಯಲು ಸುತ್ತಬೇಕು, ಬಯಲಿಗೆ ಇಪ್ಪತ್ತರಂತೆ ಅರವತ್ತು ಬುಡ ಬಡಿಯಬೇಕು, ಉದುರಿದ ಹುಳ ಎಣಿಸಬೇಕು. ಕಚೇರಿಯವರು ಕೊಟ್ಟ ಬಿಳಿ ತಟ್ಟೆಯಿಂದ ಹುಳಗಳು ಹಾರಿ ಹೋಗುತ್ತಿದ್ದವು. ಹಾಳೆಗೆ ಎಣ್ಣೆ ಸವರುವ ಉಪಾಯ ಇವರದ್ದೇ. ತಟ್ಟೆಯಲ್ಲೀಗ ಕೋಳಿಗಳು ನೀರು ಕುಡಿಯುತ್ತವೆ.

ಜಿಗಿಹುಳ ಪೈರಿನ ರಸ ಹೀರುವಂಥದ್ದು. ಬುಡಕ್ಕೆ ಹತ್ತು ದಾಟಿತೋ, ಔಷಧಿ ಹೊಡೆಯಿರಿ ಎಂಬುದು ಕಚೇರಿಯ ನಿಯಮ. ಕಳೆದ ಸೋಮವಾರ ಈ ಬಯಲಿನಲ್ಲಿ ಹನ್ನೊಂದು ಬಂತು. ಊರಿನ ಹತ್ತು ಮನೆಯವರೂ ಪಂಪು ತೊಳೆದು ಸಿದ್ಧರಾದರು. ದುಗ್ಗಮ್ಮ ಅಂಚಿಗೆ ಅಡ್ಡ ನಿಂತರು. ಎಂಟು ದಿನ ಬಿಡಿ, ಜೇಡ ಇದಾವೆ, ಅವೇ ತಿಂತಾವೆ ಅಂದರು.

ಬಯಲಿನಲ್ಲಿ ದೊಡ್ಡ ಗದ್ದೆ ಊರ ಗೌಡರಾದ ಮುಕುಂದಯ್ಯನವರದ್ದು. ಅವರಿಗೆ ಕೋಪ ನೆತ್ತಿಗೇರಿತಂತೆ. "ಎಂತ ಮಾರಾಯ್ತಿ, ಜೇಡ ನಂಬ್ಕಂಡು ಗದ್ದೆ ಮಾಡಕ್ಕಾಗ್ತದಾ? ಪೈರು ಸುಟ್ಟೋದ್ರೆ ಈ ಬಯಲಿಗೆ ಮತ್ತೆ ಕಾಲಿಡ್ಬೇಡ, ಅಷ್ಟೇ!" ದುಗ್ಗಮ್ಮ ಒಪ್ಪಿಕೊಂಡರು. ಇದೇ ಬಯಲಿನ ತುದಿಯಲ್ಲಿ, ಉಳುವವನಿಗೇ ಭೂಮಿ ಎಂಬ ಕಾನೂನಿನಲ್ಲಿ ಸಿಕ್ಕ ಅವರ ಒಂದೂಕಾಲು ಎಕರೆಯೂ ಇದೆ. ಲೆಕ್ಕ ತಪ್ಪಿದರೆ ಊರಿನ ಪೈರಿನ ಜೊತೆ ತಮ್ಮದೂ ಹೋಯಿತು, ಕೂಲಿಯೂ ಹೋಯಿತು, ಮಾತೂ ಹೋಯಿತು.

ಇವತ್ತು ಎಂಟನೇ ದಿನ. ಮುಕುಂದಯ್ಯ ಬೆನ್ನಿಗೆ ಪಂಪು ಕಟ್ಟಿಕೊಂಡೇ ಅಂಚಿನ ಮೇಲೆ ಬಂದು ನಿಂತಿದ್ದಾರೆ. ದುಗ್ಗಮ್ಮ ಒಮ್ಮೆ ತಲೆ ಎತ್ತಿ ನೋಡಿ, ಐದನೇ ಬುಡ ಬಡಿಯುತ್ತಾರೆ.

ಇಷ್ಟು ಹಟ ಎಲ್ಲಿಂದ ಬಂತು ಎಂದು ಕೇಳಿದೆ. ಅವರು ತಮ್ಮದೇ ತಪ್ಪು ಹೇಳಿದರು.

ನಾಲ್ಕು ವರ್ಷದ ಹಿಂದೆ, ಎಂಬತ್ತೆರಡರ ಮಾತು. ಎತ್ತರದ ಹಳೇ ಭತ್ತ ಬಿಟ್ಟು ಊರೆಲ್ಲ ಗಿಡ್ಡ ಭತ್ತಕ್ಕೆ ತಿರುಗಿ ಕೆಲವು ವರ್ಷವಾಗಿತ್ತು. ಇಳುವರಿ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಭತ್ತಕ್ಕೆ ಗೊಬ್ಬರ ಬೇಕು, ಗೊಬ್ಬರ ಉಂಡ ಪೈರೆಂದರೆ ಜಿಗಿಹುಳಕ್ಕೆ ಹಬ್ಬ. ಎಲ್ಲರಿಗಿಂತ ಮೊದಲು ಔಷಧಿ ಹೊಡೆಸಿದ್ದು ದುಗ್ಗಮ್ಮ. ನೀರು ಹೊತ್ತದ್ದೂ ಅವರೇ. ಸಂಜೆ ಗದ್ದೆಯ ನೀರಿನ ಮೇಲೆ ರಾಶಿ ರಾಶಿ ಹುಳ ತೇಲಿದಾಗ ಊರವರು ಬಂದು ಭೇಷ್ ಅಂದರು, ಮರುದಿನ ತಾವೂ ಹೊಡೆದರು.

"ಸತ್ತಿದ್ದೆಲ್ಲ ವೈರಿ ಅಂದ್ಕಂಡಿದ್ವಿ ಸ್ವಾಮಿ. ಅದಕ್ಕೆ ಔಷಧಿ ಅಂತ ಹೆಸ್ರಿಟ್ಟೋನು ಯಾವ ಪುಣ್ಯಾತ್ಮನೋ!"

ಹೊಡೆಸಿದ ಐದು ದಿನಕ್ಕೆ ಭೂಮಿ ಹುಣ್ಣಿಮೆ ಬಂತು. ಅಷ್ಟೊತ್ತಿಗೆ ಭತ್ತ ಹೊಡೆ ತುಂಬಿ ಬಸುರಾಗಿರುತ್ತದೆ, ಅದು ಭೂಮಿಗೆ ಸೀಮಂತ. ಬೆಳಕು ಹರಿಯುವ ಮೊದಲು ಚಿತ್ತಾರದ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ ಪೂಜೆ ಮಾಡಿ, ಅನ್ನ ಪಲ್ಯ ಕಲಸಿ ಗದ್ದೆ ತುಂಬ ಎರಚಬೇಕು. ಅದೇ ಚರಗ. ಇಲಿ, ಕಾಗೆ, ಇರುವೆ, ಹುಳ, ಎಲ್ಲರನ್ನೂ ಕೂಗಿ ಕರೆಯಬೇಕು, ಬಂದು ಉಣ್ಣಿ ಅಂತ. ದುಗ್ಗಮ್ಮನೂ ಕರೆದರು. ಮರುದಿನ ಹೋಗಿ ನೋಡಿದರೆ ಎರಚಿದ ಅನ್ನ ಎರಚಿದ ಹಾಗೇ ಇದೆ!

"ಒಂದು ಇರುವೆ ಬಂದಿರ್ಲಿಲ್ಲ. ಕಪ್ಪೆ ಕೂಗಿಲ್ಲ. ನೆಂಟರನ್ನೆಲ್ಲ ನಾನೇ ಕೊಂದು, ನಾನೇ ಊಟಕ್ಕೆ ಕರ್ದಂಗಾತು."

ಅವತ್ತೇ ಮೊರ ತಂದು, ನೀರಿನ ಮೂಲೆಯಲ್ಲಿ ಸೇರಿದ್ದ ಸತ್ತ ಹುಳ ಬಾಚಿ ಅಂಗಳದಲ್ಲಿ ಹರಡಿ ಎಣಿಸಿದರು. ಇನ್ನೂರ ಹನ್ನೆರಡರಲ್ಲಿ ಜಿಗಿಹುಳ ಮೂವತ್ತೊಂದು. ಉಳಿದದ್ದು ಬಹುಪಾಲು ಜೇಡ, ಗುಲಗಂಜಿ ಹುಳ, ಏರೋಪ್ಲೇನ್ ಚಿಟ್ಟೆ. ಅವೆಲ್ಲ ಜಿಗಿಹುಳ ತಿಂದು ಬದುಕುವಂಥವು. ಇಪ್ಪತ್ತು ದಿನದಲ್ಲಿ, ಔಷಧಿ ತಾಗದ ಮೊಟ್ಟೆಗಳಿಂದ ಜಿಗಿಹುಳದ ಮರಿಗಳು ಎದ್ದವು, ತಿನ್ನುವವರೇ ಇರಲಿಲ್ಲ. ಗದ್ದೆಯಲ್ಲಿ ದುಂಡು ದುಂಡಗೆ ಪೈರು ಒಣಗಿ, ಸುಟ್ಟ ಹಾಗೆ ಕೂತಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಕಥೆ. ಸತ್ತ ಹುಳದ ಮೊರ ಹಿಡಿದು ಕಚೇರಿಗೆ ಬಂದ ಹೆಂಗಸನ್ನು ಕಂಡ ಅಧಿಕಾರಿ ಮಂಜುನಾಥಪ್ಪ, ಮುಂದಿನ ವರ್ಷ ಎಣಿಸುವ ಕೆಲಸಕ್ಕೆ ಕರೆದರು.

ಅಲ್ಲಿಯೂ ಒಂದು ತೊಡಕು. ಕಚೇರಿಯ ಫಾರಂನಲ್ಲಿ ಪೈರು ತಿನ್ನುವ ಹುಳಗಳಿಗೆ ಮಾತ್ರ ಕಾಲಂ ಇದೆ. ಜೇಡ ಬರೆಯಲು ಜಾಗವಿಲ್ಲ. ಮೂರನೇ ಕ್ಲಾಸು ಓದಿದ ದುಗ್ಗಮ್ಮ ಫಾರಂ ಮಗುಚಿ, ಹಿಂಬದಿಯಲ್ಲಿ ಗೀಟು ಎಳೆದು ಜೇಡ ಬರೆಯುತ್ತಾರೆ. ನಾಲ್ಕು ವರ್ಷದಿಂದ ದಿನವೂ ಬರೆದಿದ್ದಾರೆ. "ಮೇಲಿನವರು ಹಿಂಬದಿ ತಿರುಗಿಸಿ ನೋಡಲ್ಲ ಅಂತ ಹೇಳಿದೀನಿ, ಕೇಳೋದೇ ಇಲ್ಲ," ಎನ್ನುತ್ತಾರೆ ಮಂಜುನಾಥಪ್ಪ. ಆದರೂ ಒಂದು ಹಾಳೆ ಬಿಡದೆ ಫೈಲಿಗೆ ಹಾಕಿಟ್ಟಿದ್ದಾರೆ. ಅಷ್ಟು ಒಳ್ಳೆಯವರು.

ಇಪ್ಪತ್ತನೇ ಬುಡ ಮುಗಿಯಿತು. ದುಗ್ಗಮ್ಮ ಅಂಚಿಗೆ ಹತ್ತಿ ಕೂತು, ನನ್ನ ಬರಹದ ಮೇಲೆ ನಂಬಿಕೆಯಿಲ್ಲದೆ, ಬೆರಳಿನ ಗೆಣ್ಣು ಮುಟ್ಟುತ್ತ ತಾವೇ ಕೂಡಿದರು. ಮುಕುಂದಯ್ಯನಿಗೆ ತಡೆಯಲಾಗಲಿಲ್ಲ.

"ಎಷ್ಟಾತು?"

"ಒಟ್ಟು ನೂರು. ಬುಡಕ್ಕೆ ಐದು, ಗೌಡ್ರೆ."

ಹನ್ನೊಂದಿದ್ದದ್ದು ಐದು! ಮುಕುಂದಯ್ಯ ಬಗ್ಗಿ ತಾವೇ ನಾಲ್ಕು ಬುಡ ಬಿಡಿಸಿ ನೋಡಿದರು. ಆಮೇಲೆ ಪಂಪಿನ ಪಟ್ಟಿ ಬಿಚ್ಚಿ ಕೆಳಗಿಟ್ಟು, ಮನೆಯ ಕಡೆ ತಿರುಗಿದವರು ನಿಂತರು.

"ಜೇಡ ಎಷ್ಟು?"

ದುಗ್ಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲವಂತೆ.

"ನಲವತ್ತೇಳು, ಗೌಡ್ರೆ. ನಿಮ್ಮ ಗದ್ದೇಲೇ ಹೆಚ್ಚು."

ಅವರು ಹೋದ ಮೇಲೆ, ಸರ್ಕಾರದಿಂದ ಏನಾದರೂ ಆಗಬೇಕೇ ಎಂದು ಕೇಳಿದೆ. ಮುಂದಿನ ವರ್ಷದ ಫಾರಂನಲ್ಲಿ ಜೇಡಕ್ಕೊಂದು ಕಾಲಂ ಅಚ್ಚು ಹಾಕಿಸಿದರೆ ಸಾಕು, ಹಿಂಬದಿಯಲ್ಲಿ ಶಾಯಿ ಹರಡುತ್ತದೆ ಎಂದರು. ಇನ್ನೂ ಎರಡು ಬಯಲು ಬಾಕಿ ಇತ್ತು. ಹಾಳೆಗೆ ಎಣ್ಣೆ ಸವರುತ್ತ ಎದ್ದವರು ತಿರುಗಿ ಹೇಳಿದರು:

"ಶುಕ್ರವಾರ ಭೂಮಿ ಹುಣ್ಣಿಮೆ, ಊಟಕ್ಕೆ ಬನ್ನಿ ಸ್ವಾಮಿ. ಚರಗ ಎರಚಿದ್ಮೇಲೆ ಉಣ್ಣೋರು ಇರ್ಬೇಕಲ್ಲ. ಈ ಸಲ ಇದಾರೆ."